ಪ್ಲಾಸ್ಟಿಕ್ ಚೀಲ ಕೈಬಿಟ್ಟ ಗ್ರಂಥಾಲಯ ಸೇವೆ: ಐದು ವರ್ಷಗಳ ಬಳಕೆಯ ನಂತರ

ಮೊದಲೇ ಕಾಯ್ದಿರಿಸಿದ ಪುಸ್ತಕಗಳನ್ನು ಗ್ರಂಥಾಲಯದ ಒಳಗೆ ಹೋಗದೆ ಬಾಗಿಲ ಹೊರಗೇ ಪಡೆದುಕೊಳ್ಳುವ ಸೇವೆಯನ್ನು ನಾನು 2020ರಲ್ಲಿ ಬಳಸಲು ಆರಂಭಿಸಿದೆ. ಅದರ ಅನುಕೂಲದ ಬಗ್ಗೆ ನನಗೆ ಎಂದೂ ತಕರಾರು ಇರಲಿಲ್ಲ. ಇದ್ದದ್ದು ಪ್ರತಿ ಸಲ ಪುಸ್ತಕಗಳ ಜೊತೆಗೆ ಮನೆಗೆ ಬರುತ್ತಿದ್ದ ತೆಳುವಾದ ಪ್ಲಾಸ್ಟಿಕ್ ಚೀಲದ ಬಗ್ಗೆ.

ಸೋಂಕಿನ ದಿನಗಳಲ್ಲಿ ಆ ಚೀಲಕ್ಕೆ ಕಾರಣವಿತ್ತು. ಮರಳಿ ಬಂದ ಪುಸ್ತಕಗಳನ್ನು ಕೆಲವು ದಿನ ಯಾರೂ ಮುಟ್ಟದೆ ಬದಿಗಿಟ್ಟು, ಆಮೇಲೆ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಕೊಡುತ್ತಿದ್ದರು. ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗುಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತಲೂ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ಹೇಳಿದ ಮೇಲೂ ಚೀಲ ಉಳಿದುಕೊಂಡಿತು. ಸಿಬ್ಬಂದಿಯ ಅಸಡ್ಡೆ ಇದಕ್ಕೆ ಕಾರಣವಲ್ಲ. ಒಬ್ಬ ಸದಸ್ಯರ ಪುಸ್ತಕಗಳು ಇನ್ನೊಬ್ಬರವುಗಳೊಂದಿಗೆ ಬೆರೆಯದಂತೆ ನೋಡಿಕೊಳ್ಳುವುದು, ಹೆಸರಿನ ಚೀಟಿ ಅಂಟಿಸಲು ಜಾಗ ಕೊಡುವುದು, ಯಾರು ಏನು ಓದುತ್ತಾರೆಂಬುದು ಬೇರೆಯವರ ಕಣ್ಣಿಗೆ ಬೀಳದಂತೆ ಮರೆಮಾಡುವುದು, ಈ ಮೂರು ಕೆಲಸಗಳನ್ನೂ ಆ ಚೀಲವೊಂದೇ ಮಾಡುತ್ತಿತ್ತು.

ಪುಸ್ತಕಕ್ಕೆ ಮಾತ್ರ ಅದು ಒಳ್ಳೆಯದಾಗಿರಲಿಲ್ಲ. ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಮರೆತ ಚೀಲವೊಂದನ್ನು ಸಂಜೆ ಬಿಚ್ಚಿದಾಗ ಒಳಮೈಯಲ್ಲಿ ಸಣ್ಣ ಸಣ್ಣ ನೀರಹನಿಗಳು ಕೂತಿದ್ದವು. ಮೇಲಿನ ಪುಸ್ತಕದ ರಟ್ಟು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಹಾಳೆಗಳ ಅಂಚು ಅಲೆಯಂತೆ ಮುದುರಿತ್ತು. ಗ್ರಂಥಾಲಯದ ಪುಸ್ತಕ ನಮ್ಮ ಸ್ವಂತದ್ದಲ್ಲವಾದ್ದರಿಂದ ಆ ಸಂಕಟ ಬಹಳ ದಿನ ಕಾಡಿತು.

ಎರಡು ವರ್ಷಗಳ ಹಿಂದೆ ಪದ್ಧತಿ ಬದಲಾಯಿತು. ಈಗ ಪ್ರತಿ ಸದಸ್ಯರ ಪುಸ್ತಕಗಳನ್ನು ಬೆನ್ನು ಒಳಮುಖವಾಗುವಂತೆ ಒಂದು ಟ್ರೇಯಲ್ಲಿ ಜೋಡಿಸಿ, ಸುತ್ತಲೂ ಒಂದು ಅಗಲವಾದ ಕಾಗದದ ಪಟ್ಟಿ ಸುತ್ತುತ್ತಾರೆ. ಪಟ್ಟಿಯ ಮೇಲೆ ಹೆಸರಿಲ್ಲ, ಸದಸ್ಯತ್ವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಮಾತ್ರ. ಆರಂಭದಲ್ಲಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಅದು ಮೆತ್ತನೆಯ ರಟ್ಟಿನ ಅಂಚನ್ನು ಕತ್ತರಿಸುತ್ತಿತ್ತು, ಹೇಳಿದ ಮೇಲೆ ಬಿಟ್ಟರು. ನಾವು ನಮ್ಮ ಚೀಲವನ್ನು ಚಾಚಿದರೆ ಟ್ರೇಯಿಂದ ನೇರವಾಗಿ ಅದಕ್ಕೆ ಇಳಿಸುತ್ತಾರೆ, ಟ್ರೇ ಮುಂದಿನವರಿಗಾಗಿ ಒಳಗೆ ಹೋಗುತ್ತದೆ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಆಡಳಿತದವರಿಗಿಂತ ಬೇರೆ. ಬದಲಾವಣೆಯ ಸಂತೋಷದಲ್ಲಿ ಅವರು ಎಲ್ಲ ಸದಸ್ಯರಿಗೂ ಹೊಸ ಹತ್ತಿಬಟ್ಟೆಯ ಚೀಲ ಹಂಚಿದರು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕಿಂತ ಭೂಮಿಯ ಬಿಸಿಗೆ ಕಡಿಮೆ ಕಾರಣವಾಗಬೇಕಾದರೆ ಕಾಗದದ ಚೀಲವನ್ನು 3 ಸಲ, ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ವಾರಕ್ಕೊಮ್ಮೆ ಬರುವ ಓದುಗರಿಗೆ ಅದು ಎರಡೂವರೆ ವರ್ಷದ ಮಾತು. ಕಸವಾಗಿ ಚರಂಡಿ ಸೇರುವ ಪ್ಲಾಸ್ಟಿಕ್ಕಿನ ಹಾನಿ ಈ ಲೆಕ್ಕದಲ್ಲಿ ಬರುವುದಿಲ್ಲ, ಆದ್ದರಿಂದ ಪ್ಲಾಸ್ಟಿಕ್ಕೇ ಮೇಲು ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಚೀಲವನ್ನೇ ತನ್ನಿ ಎಂದರೆ ಸಾಕಿತ್ತು. ಆ ಹಣದಲ್ಲಿ ಒಂದೆರಡು ಡಜನ್ ಟ್ರೇ ಕೊಂಡಿದ್ದರೆ ಶನಿವಾರದ ನೂಕುನುಗ್ಗಲಿನಲ್ಲಿ ಟ್ರೇ ಸಾಲದೆ ಕಾಯುವುದು ತಪ್ಪುತ್ತಿತ್ತು.

ಮಳೆಯಲ್ಲಿ ಈ ಪದ್ಧತಿ ಇನ್ನೂ ಸೋಲುತ್ತದೆ. ಚೀಲ ಮರೆತವರಿಗೆ ಕೊಡುವ ಕಾಗದದ ಚೀಲದ ತಳ ನೆನೆದರೆ ಹರಿಯುತ್ತದೆ, ಮೂರು ದಪ್ಪ ಪುಸ್ತಕಗಳಿದ್ದರಂತೂ ಖಂಡಿತ. ಅಂತಹ ದಿನಗಳಿಗಾಗಿ, ಓದುಗರು ಮರಳಿ ತಂದ ಹಳೆಯ ಪ್ಲಾಸ್ಟಿಕ್ ಚೀಲಗಳನ್ನು ಒರೆಸಿ ಒಣಗಿಸಿ ಇಟ್ಟುಕೊಂಡು ಕೊಡುವಂತೆ ನಾನು ಬರೆದುಕೊಟ್ಟಿದ್ದೇನೆ. ಕಾಯ್ದಿರಿಸುವ ಅರ್ಜಿಯಲ್ಲಿ 'ಚೀಲ ಬೇಡ' ಎಂಬ ಆಯ್ಕೆ ಕೊನೆಯ ಪುಟದಲ್ಲಿದೆ, ಅದನ್ನು ನಾವೇ ಗುರುತು ಮಾಡಬೇಕು. ಬೇಕಾದವರು 'ಚೀಲ ಬೇಕು' ಎಂದು ಗುರುತು ಮಾಡುವಂತೆ ಅದನ್ನು ತಿರುವಿ ಹಾಕುವವರೆಗೆ ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ.