ಎಂಕ್‌ಹೌಜನ್ನಿನ ಕ್ಲಿಪ್ಪರ್, ಹಾರ್ಲಿಂಗನ್ನಿನ ಚಾಲ್ಕ್: ಎರಡು ವಾರಾಂತ್ಯಗಳ ಹೋಲಿಕೆ

ನೆದರ್ಲೆಂಡ್ಸಿನಲ್ಲಿ ನಾಲ್ಕಾರು ಕುಟುಂಬಗಳು ಸೇರಿ ಹಳೆಯ ಸರಕು ಹಾಯಿಹಡಗೊಂದನ್ನು ಬಾಡಿಗೆಗೆ ಹಿಡಿದು ವಾರಾಂತ್ಯ ಕಳೆಯಬೇಕೆಂದಿದ್ದರೆ, ಎಂಕ್‌ಹೌಜನ್ನಿನಿಂದ ಹೊರಟು ಐಸಲ್‌ಮೇರ್ ಸರೋವರವನ್ನು ಸುತ್ತುವುದಕ್ಕಿಂತ, ದೂರವಾದರೂ ಹಾರ್ಲಿಂಗನ್‌ಗೆ ಹೋಗಿ ಉಬ್ಬರವಿಳಿತವಿರುವ ವಾಡನ್ ಕಡಲಿಗೆ ಇಳಿಯುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಕಳೆದ ವರ್ಷದ ಮೇ ತಿಂಗಳಲ್ಲಿ ಎರಡು ಕೂವೆಮರಗಳ ಕ್ಲಿಪ್ಪರ್ ಹಡಗಿನಲ್ಲಿ ಇಪ್ಪತ್ತನಾಲ್ಕು ಜನ ಮೊದಲನೆಯ ಪ್ರವಾಸ ಮಾಡಿದೆವು. ಈ ವರ್ಷದ ಜೂನ್ ಕೊನೆಯಲ್ಲಿ ಚಾಲ್ಕ್ ಎಂಬ ಚಿಕ್ಕ ಹಡಗಿನಲ್ಲಿ ಹದಿನಾಲ್ಕು ಜನ ಎರಡನೆಯದನ್ನು ಮುಗಿಸಿ ಬಂದೆವು. ಎರಡೂ ಶುಕ್ರವಾರ ಸಂಜೆ ಹತ್ತಿ ಭಾನುವಾರ ಮಧ್ಯಾಹ್ನ ಇಳಿಯುವ ಪ್ರವಾಸಗಳೇ. ಎರಡರಲ್ಲಿಯೂ ಹಡಗಿನವರೆಂದರೆ ಹಡಗು ನಡೆಸುವ ಸ್ಕಿಪ್ಪರ್ ಮತ್ತು ಒಬ್ಬ ಸಹಾಯಕ ಮಾತ್ರ. ಹಗ್ಗ ಎಳೆಯುವುದು, ಹಾಯಿ ಏರಿಸುವುದು, ಅಡುಗೆ ಮಾಡುವುದು, ಕೊನೆಯಲ್ಲಿ ನೆಲ ಒರೆಸುವುದು ಎಲ್ಲವೂ ಪ್ರಯಾಣಿಕರ ಪಾಲಿನ ಕೆಲಸ.

ಕ್ಲಿಪ್ಪರ್ ನೋಡಲು ಸುಂದರವಾದ ಹಡಗು. ಮುಂಭಾಗ ಚೂಪಾಗಿದೆ, ಮೈ ಉದ್ದವಾಗಿದೆ, ಗಾಳಿ ಸಿಕ್ಕಿದರೆ ಓಡುತ್ತದೆ ಎಂದು ನೋಡಿದ ಕೂಡಲೇ ಅನ್ನಿಸುತ್ತದೆ. ಆದರೆ ನಮಗೆ ಗಾಳಿ ಸಿಗಲಿಲ್ಲ. ಶನಿವಾರ ಬೆಳಗ್ಗೆ ಹತ್ತು ಜನ ಸೇರಿ ದೊಡ್ಡ ಹಾಯಿಯನ್ನು ಏರಿಸಿದೆವು. ಅದು ಒಣಗಲು ಹಾಕಿದ ಬಟ್ಟೆಯಂತೆ ಜೋತುಬಿದ್ದಿತ್ತು. ಒಂದು ಗಂಟೆ ಕಾದ ಮೇಲೆ ಸ್ಕಿಪ್ಪರ್ ಎಂಜಿನ್ ಚಾಲೂ ಮಾಡಿದರು, ಮತ್ತು ಮೇಡಂಬ್ಲಿಕ್ ಬಂದರಿನವರೆಗೆ ಡೀಸೆಲ್ ವಾಸನೆಯಲ್ಲಿಯೇ ಸಾಗಿದೆವು. ಇದಕ್ಕೆ ಹಡಗಿನವರನ್ನು ದೂರಲಾಗದು. ಆದರೆ ಆ ಸರೋವರದ ಸ್ವಭಾವವನ್ನು ಮೊದಲೇ ತಿಳಿದಿದ್ದರೆ ನಾನು ಬೇರೆ ತೀರ್ಮಾನ ಮಾಡುತ್ತಿದ್ದೆ. ಐಸಲ್‌ಮೇರ್ ಹಿಂದೆ ಕಡಲಿನ ಭಾಗವಾಗಿತ್ತು. 1932ರಲ್ಲಿ 32 ಕಿಲೋಮೀಟರ್ ಉದ್ದದ ಅಫ್‌ಸ್ಲೌಟ್‌ಡೈಕ್ ಎಂಬ ಒಡ್ಡು ಪೂರ್ಣಗೊಂಡು ಅದರ ಬಾಯಿ ಮುಚ್ಚಿತು, ಕ್ರಮೇಣ ನೀರು ಸಿಹಿಯಾಯಿತು, ಉಬ್ಬರವಿಳಿತ ನಿಂತಿತು. ಹೀಗಾಗಿ ಅಲ್ಲಿ ಹಾಯಿಹಡಗಿಗೆ ಗಾಳಿಯೊಂದೇ ಆಧಾರ. ಗಾಳಿ ಬಿದ್ದ ದಿನ ಮಕ್ಕಳಿಗೆ ಡೆಕ್ಕಿನ ಮೇಲೆ ಮಾಡಲು ಏನೂ ಇರುವುದಿಲ್ಲ, ದೊಡ್ಡವರಿಗೂ ಅಷ್ಟೇ.

ಇನ್ನು ಅಡುಗೆಮನೆಯ ವಿಷಯ. ಇದನ್ನು ಬುಕಿಂಗ್ ಮಾಡುವಾಗ ಯಾರೂ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಡಗಿನ ಅಡುಗೆಮನೆ ಡೆಕ್ಕಿನ ಕೆಳಗಿರುತ್ತದೆ. ಹಿಂದೆ ಸರಕು ತುಂಬುತ್ತಿದ್ದ ಜಾಗವನ್ನೇ ಮರದ ಹಲಗೆಗಳಿಂದ ಅಡ್ಡಗೋಡೆ ಹಾಕಿ ಊಟದ ಕೋಣೆ, ಅಡುಗೆಮನೆ, ಮಲಗುವ ಕ್ಯಾಬಿನ್‌ಗಳಾಗಿ ವಿಂಗಡಿಸಿದ್ದಾರೆ. ಶನಿವಾರ ಸಂಜೆ ಮೇಡಂಬ್ಲಿಕ್‌ನಲ್ಲಿ ಮಳೆ ಹಿಡಿದಿದ್ದರಿಂದ ಮೇಲಿನ ಗಾಜಿನ ಕಿಂಡಿಗಳನ್ನೆಲ್ಲ ಮುಚ್ಚಲಾಗಿತ್ತು. ಇಪ್ಪತ್ತನಾಲ್ಕು ಜನರ ಸಾರಿಗೆ ಒಗ್ಗರಣೆ ಎಂದರೆ ಎಣ್ಣೆಯೂ ಹೆಚ್ಚು, ಒಣಮೆಣಸಿನಕಾಯಿಯೂ ಹೆಚ್ಚು. ಸಾಸಿವೆ ಸಿಡಿದು, ಮೆಣಸಿನಕಾಯಿ ಕಪ್ಪಾಗುವ ಹೊತ್ತಿಗೆ ಹೊಗೆ ಪತ್ತೆ ಮಾಡುವ ಅಲಾರಂ ಹೊಡೆದುಕೊಳ್ಳತೊಡಗಿತು. ಅದು ಅಡುಗೆಮನೆಯಲ್ಲಿ ಮಾತ್ರವಲ್ಲ, ಎಲ್ಲ ಕ್ಯಾಬಿನ್‌ಗಳಲ್ಲಿಯೂ ಒಟ್ಟಿಗೆ ಕೂಗುವ ವ್ಯವಸ್ಥೆ. ಮಲಗಿದ್ದ ಎರಡು ವರ್ಷದ ಮಗುವೊಂದು ಬೆಚ್ಚಿ ಅತ್ತಿದ್ದು ಅರ್ಧ ಗಂಟೆಯಾದರೂ ನಿಲ್ಲಲಿಲ್ಲ.

ಸ್ಕಿಪ್ಪರ್ ಓಡಿಬಂದು ಒಲೆ ಆರಿಸಿ, ಆ ವಾರಾಂತ್ಯ ಮತ್ತೆ ಎಣ್ಣೆ ಕಾಯಿಸಬಾರದೆಂದು ಹೇಳಿದರು. ಒಳಗೆಲ್ಲ ಮರವೇ ಇರುವ ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಬೇರೊಂದಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನಮ್ಮ ಪೆಟ್ಟಿಗೆಯಲ್ಲಿ ಭಾನುವಾರಕ್ಕೆಂದು ಉಳಿದಿದ್ದದ್ದು ಪೂರಿಯ ಹಿಟ್ಟು ಮತ್ತು ಮೂರು ಲೀಟರ್ ಎಣ್ಣೆ. ಬೆಳಗ್ಗೆ ಬಂದರಿನ ಅಂಗಡಿ ತೆರೆಯುವವರೆಗೆ ಕಾದು, ಬ್ರೆಡ್ಡು ಚೀಸು ತಂದು ಎಲ್ಲರಿಗೂ ಹಂಚಿದೆವು. ಅಷ್ಟು ಹೊತ್ತು ಕಾದದ್ದರಿಂದ ಹೊರಡುವುದೂ ತಡವಾಯಿತು. ಆ ದಿನ ಬೀಸಿದ ಒಳ್ಳೆಯ ಗಾಳಿಯಲ್ಲಿ ಒಂದೂವರೆ ಗಂಟೆಯನ್ನು ಕಳೆದುಕೊಂಡೆವು. ಇಂದಿಗೂ ನನಗೆ ಬೇಸರವಿರುವುದು ಆ ಒಂದೂವರೆ ಗಂಟೆಯ ಬಗ್ಗೆಯೇ.

ಚಾಲ್ಕ್‌ನಲ್ಲಿಯೂ ಅಂಥದೇ ಅಲಾರಂ ಇತ್ತು. ಈ ಸಲ ನಾವು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಪಾತಿಗಳನ್ನು ಮನೆಯಲ್ಲಿಯೇ ಮಾಡಿ ಒಯ್ದೆವು. ಒಗ್ಗರಣೆಯನ್ನೂ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡೆವು. ಹಡಗಿನಲ್ಲಿ ಅನ್ನ ಮತ್ತು ಬೇಳೆ ಬೇಯಿಸಿದ್ದು ಬಿಟ್ಟರೆ ಒಲೆಯ ಕೆಲಸವೇ ಇರಲಿಲ್ಲ.

ಚಾಲ್ಕ್ ಎಂದರೆ ದುಂಡು ಮೂತಿಯ, ಚಪ್ಪಟೆ ತಳದ ಹಡಗು. ಎರಡೂ ಪಕ್ಕಗಳಲ್ಲಿ ರೆಕ್ಕೆಯಂತೆ ದಪ್ಪ ಹಲಗೆಗಳು ತೂಗುತ್ತವೆ. ಗಾಳಿಗೆ ಹಡಗು ಪಕ್ಕಕ್ಕೆ ಜಾರದಂತೆ, ಗಾಳಿ ಬಂದು ಬಡಿಯುವ ಪಕ್ಕದ್ದನ್ನು ಬಿಟ್ಟು ಅದರ ಆಚೆ ಪಕ್ಕದ ಹಲಗೆಯನ್ನು ನೀರಿಗೆ ಇಳಿಸುತ್ತಾರೆ. ಕ್ಲಿಪ್ಪರ್‌ಗೂ ಈ ಹಲಗೆಗಳಿವೆ, ಅದರ ತಳವೂ ಚಪ್ಪಟೆಯೇ, ಮತ್ತು ವಾಡನ್ ಕಡಲಿಗೆ ಹೋಗುವ ಕ್ಲಿಪ್ಪರ್‌ಗಳೂ ಇವೆ. ಆದ್ದರಿಂದ ನನ್ನ ಒಲವು ಹಡಗಿನ ಜಾತಿಗಿಂತ ಹೆಚ್ಚಾಗಿ ನೀರಿನ ಕಡೆಗಿದೆ.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಹಾರ್ಲಿಂಗನ್ ಬಿಟ್ಟಾಗ ಅಲ್ಲಿಯೂ ಗಾಳಿ ಮಂದವಾಗಿಯೇ ಇತ್ತು. ಹನ್ನೊಂದಕ್ಕೆ ಉಬ್ಬರ ತುಂಬಿತು. ಹನ್ನೆರಡರ ಹೊತ್ತಿಗೆ ಸ್ಕಿಪ್ಪರ್ ಹಡಗನ್ನು ಬೇಕೆಂದೇ ಒಂದು ಮರಳುದಿಬ್ಬದ ಮೇಲೆ ತಂದು ನಿಲ್ಲಿಸಿ, ಪಕ್ಕದ ಹಲಗೆಗಳನ್ನು ಮೇಲೆತ್ತಿ, ಲಂಗರು ಹಾಕಿದರು. ನೀರು ಇಳಿಯುತ್ತಾ ಹೋಯಿತು. ಎರಡೂವರೆಯ ವೇಳೆಗೆ ಕಡಲೇ ಇರಲಿಲ್ಲ. ನಾಲ್ಕು ದಿಕ್ಕಿಗೂ ಹೊಳೆಯುವ ಕೆಸರು ಮರಳು, ನಡುವೆ ನೆಟ್ಟಗೆ ಕುಳಿತ ನಮ್ಮ ಹಡಗು. ಏಣಿ ಇಳಿದು ಬರಿಗಾಲಿನಲ್ಲಿ ನಡೆದೆವು. ಮರಳಿನ ಮೇಲೆಲ್ಲ ಒತ್ತುಶ್ಯಾವಿಗೆಯ ಎಳೆಗಳಂತೆ ಸುರುಳಿ ಸುರುಳಿ ಗುಪ್ಪೆಗಳು. ಒಳಗಿರುವ ಹುಳು ಮರಳನ್ನು ತಿಂದು ಹೊರಹಾಕಿದ್ದು ಅದು ಎಂದು ಸಹಾಯಕಿ ತೋರಿಸಿದರು. ಉಡುಪಿಯಿಂದ ಬಂದಿದ್ದ ನನ್ನ ಅಮ್ಮ ಬಗ್ಗಿ, ಎರಡು ಬೆರಳು ಮರಳಿಗೆ ಇಳಿಸಿ, ಗೆರೆಗೆರೆಯ ಚಿಪ್ಪೊಂದನ್ನು ಎತ್ತಿ, “ಇಲ್ಲಿಯೂ ಮರುವಾಯಿ ಉಂಟಲ್ಲ ಮಗ” ಎಂದರು. ಅದು ನಮ್ಮ ಕರಾವಳಿಯವರು ತಿನ್ನುವ ಚಿಪ್ಪುಜೀವಿ ಮರುವಾಯಿಯೇನೂ ಅಲ್ಲ, ಅದರ ಬಳಗದ್ದು. ಆದರೂ ಅಮ್ಮ ಆ ದೇಶದಲ್ಲಿದ್ದ ಎರಡು ತಿಂಗಳಲ್ಲಿ ಯಾರೂ ಹೇಳಿಕೊಡದೆ ತಾವೇ ಗುರುತಿಸಿದ ಮೊದಲ ವಸ್ತು ಅದಾಗಿತ್ತು. ದೂರದ ದಿಬ್ಬದ ಮೇಲೆ ಸೀಲ್‌ಗಳು ಮಲಗಿದ್ದವು. ಅವುಗಳ ಹತ್ತಿರ ಹೋಗಲು ಬಿಡುವುದಿಲ್ಲ, 2009ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗವದು.

ರಾತ್ರಿ ಹತ್ತೂವರೆಗೆ, ಇನ್ನೂ ಪಶ್ಚಿಮದಲ್ಲಿ ಬೆಳಕಿರುವಾಗಲೇ, ಹಡಗಿನ ತಳದಲ್ಲಿ ಸಣ್ಣಗೆ ಉಜ್ಜುವ ಸದ್ದಾಗಿ ಅದು ಮೆಲ್ಲನೆ ತೇಲಿತು. ಮಕ್ಕಳು ಅದಕ್ಕಾಗಿಯೇ ನಿದ್ದೆಗೆಟ್ಟು ಕಾದಿದ್ದರು.

ಹಾಸಿಗೆ ಎರಡರಲ್ಲೂ ಕಿರಿದು. ಶೌಚಾಲಯ ಚಾಲ್ಕ್‌ನಲ್ಲಿ ಎರಡೇ. ಸಿಹಿನೀರಿನ ಟ್ಯಾಂಕ್ ಚಿಕ್ಕದು, ಬಂದರಿಗೆ ಹೋಗದ ರಾತ್ರಿ ಅದನ್ನು ತುಂಬಿಸಲಾಗದು. ಆದ್ದರಿಂದ ಸ್ನಾನವನ್ನು ಮರೆಯಬೇಕು.

ಬಾಡಿಗೆ ಇಡೀ ಹಡಗಿಗಾದ್ದರಿಂದ ಜನ ಕಡಿಮೆಯಾದಷ್ಟೂ ತಲೆಗೆ ಹೆಚ್ಚು ಬೀಳುತ್ತದೆ: ಕ್ಲಿಪ್ಪರ್‌ನಲ್ಲಿ ಒಬ್ಬರಿಗೆ 150 ಯೂರೋ ಆದರೆ ಚಾಲ್ಕ್‌ನಲ್ಲಿ 185 ಆಯಿತು. ಆಮ್‌ಸ್ಟರ್‌ಡಾಮ್‌ನಿಂದ ಎಂಕ್‌ಹೌಜನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹಾರ್ಲಿಂಗನ್‌ಗೆ ಲೇವಾರ್ಡನ್‌ನಲ್ಲಿ ರೈಲು ಬದಲಿಸಿ ಹೋಗಬೇಕು, ಶುಕ್ರವಾರ ಅರ್ಧ ದಿನ ರಜೆ ಹಾಕದೆ ಆಗುವುದಿಲ್ಲ. ಮಕ್ಕಳಿಲ್ಲದ, ಹಗ್ಗ ಎಳೆಯುವ ಉತ್ಸಾಹವಿರುವ ಇಪ್ಪತ್ತು ಮೂವತ್ತು ಜನರ ಕಚೇರಿಯ ತಂಡವಾಗಿದ್ದರೆ ಕ್ಲಿಪ್ಪರ್ ಅಗ್ಗ, ಮತ್ತು ಗಾಳಿಯಿದ್ದ ಭಾನುವಾರದ ನಾಲ್ಕು ಗಂಟೆಗಳಲ್ಲಿ ಅದು ಓಡಿದ ವೇಗ ಚಾಲ್ಕ್‌ಗೆ ಬರದು. ನಮ್ಮ ಜೊತೆಗೆ ಅಜ್ಜಿಯರೂ ಮಕ್ಕಳೂ ಇರುತ್ತಾರೆ, ವರ್ಷಕ್ಕೆ ಒಂದೇ ಸಲ ಹೋಗುತ್ತೇವೆ. 35 ಯೂರೋ ಹೆಚ್ಚು ಕೊಡಲು ನಮ್ಮ ಗುಂಪಿನಲ್ಲಿ ಯಾರೂ ಬೇಸರಪಡಲಿಲ್ಲ. ಮುಂದಿನ ಜೂನ್‌ಗೂ ಹಾರ್ಲಿಂಗನ್ನನ್ನೇ ಗೊತ್ತುಮಾಡುತ್ತಿದ್ದೇವೆ. ಈ ಬಾರಿ ಉಬ್ಬರವಿಳಿತದ ವೇಳಾಪಟ್ಟಿಯನ್ನು ಮೊದಲು ನೋಡಿ, ಮಧ್ಯಾಹ್ನ ನೀರು ಇಳಿಯುವ ಶನಿವಾರವನ್ನು ಆರಿಸಿಕೊಂಡು, ಆಮೇಲೆ ರಜೆಗೆ ಅರ್ಜಿ ಹಾಕುತ್ತೇವೆ.