ಬಾಡಿಗೆ ಉಗ್ರಾಣ: ಕೋಣೆ ಒಳ್ಳೆಯದು, ಪ್ಯಾನೆಲ್ ಇರುವ ಗೋಡೆಯೊಂದನ್ನು ಬಿಟ್ಟು

ಮನೆ ಬದಲಾಯಿಸುವ ನಡುವಿನ ನಾಲ್ಕು ತಿಂಗಳು ಪುಸ್ತಕ, ಹಾಸಿಗೆ, ಬಟ್ಟೆಗಳನ್ನು ಇಡುವುದಕ್ಕಾಗಿ ಈ ಉಗ್ರಾಣದ ಒಂದು ಕೋಣೆಯನ್ನು ಬಾಡಿಗೆಗೆ ಪಡೆದಿದ್ದೆ. ತೇವವಿಲ್ಲ, ಇಲಿಗಳ ಕಾಟವಿಲ್ಲ, ಸಿಬ್ಬಂದಿಯ ನಡವಳಿಕೆಯೂ ಸೌಜನ್ಯದ್ದು.

ನನ್ನ ಆಕ್ಷೇಪವಿರುವುದು ಎಡಗೋಡೆಯ ಬಗ್ಗೆ. ನನ್ನದು ಸಾಲಿನ ಮೊದಲ ಕೋಣೆ; ಆ ಸಾಲಿನ ಎಲ್ಲ ಕೋಣೆಗಳಿಗೂ ವಿದ್ಯುತ್ ಹಂಚುವ ಪ್ಯಾನೆಲ್ಲನ್ನು ಇದೇ ಕೋಣೆಯೊಳಗೆ ಕೂರಿಸಿದ್ದಾರೆ. ಸಾಲದೆಂಬಂತೆ, ಸರಕು ಜೋಡಿಸಲು ಅದರ ಕೆಳಗೇ ಮರದ ಹಲಗೆಗಳನ್ನೂ ಹೊಡೆದಿದ್ದಾರೆ. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಅರ್ಧ ಡಬ್ಬಿ, ಬಣ್ಣ ತೆಳುಮಾಡುವ ಥಿನ್ನರ್, ಮುಚ್ಚಳ ಸಡಿಲವಾಗಿ, ಆ ಹಲಗೆಯ ಮೇಲೆಯೇ ಇತ್ತು.

"ಎಂಸಿಬಿ ಇದೆಯಲ್ಲ ಸರ್, ಏನಾದರೂ ಆದರೆ ತಾನೇ ಟ್ರಿಪ್ ಆಗುತ್ತದೆ" ಎಂದರು ಮೇಲ್ವಿಚಾರಕರು. ಬಹಳ ಜನರ ನಂಬಿಕೆ ಇದೇ, ಮತ್ತು ಇದು ಅರ್ಧ ಮಾತ್ರ ಸರಿ. ಮಿತಿಮೀರಿದ ಕರೆಂಟು ಹರಿದಾಗ ಅಥವಾ ಶಾರ್ಟ್ ಆದಾಗ ಎಂಸಿಬಿ, ಅಂದರೆ ಪ್ಯಾನೆಲ್ಲಿನೊಳಗಿನ ಪುಟ್ಟ ಸರ್ಕ್ಯೂಟ್ ಬ್ರೇಕರ್, ಟ್ರಿಪ್ ಆಗಿ ಕರೆಂಟನ್ನು ತಾನೇ ಕಡಿಯುತ್ತದೆ. ಆದರೆ ತಂತಿಯನ್ನು ಬಿಗಿದಿರುವ ಸ್ಕ್ರೂ ಕಾಲಕ್ರಮದಲ್ಲಿ ಸಡಿಲವಾದರೆ ಹರಿಯುವ ಕರೆಂಟು ಹೆಚ್ಚುವುದಿಲ್ಲ, ಆ ಜೋಡಣೆಯ ರೋಧವಷ್ಟೇ ಹೆಚ್ಚುತ್ತದೆ. ಅಲ್ಲಿ ಹುಟ್ಟುವ ಶಾಖಕ್ಕೆ ಪ್ಲಾಸ್ಟಿಕ್ ಹೊದಿಕೆ ಕರಗಿ, ಸುಟ್ಟು, ಕಿಡಿ ಹಾರತೊಡಗಿದರೂ ಎಂಸಿಬಿಯ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇರಬಹುದು. ಸುತ್ತ ಖಾಲಿ ಜಾಗವಿದ್ದರೆ ಇಂಥ ದೋಷ ಪೆಟ್ಟಿಗೆಯೊಂದನ್ನು ಸುಟ್ಟು ಅಲ್ಲಿಗೇ ನಿಲ್ಲುವ ಸಾಧ್ಯತೆಯುಂಟು. ರಟ್ಟಿನ ಡಬ್ಬಗಳೂ ಹಾಸಿಗೆಯೂ ಒತ್ತಿಕೊಂಡಿದ್ದರೆ ಹಾಗೆ ನಿಲ್ಲುತ್ತದೆಂದು ನೆಚ್ಚುವಂತಿಲ್ಲ. ಥಿನ್ನರಿನ ಮಾತಂತೂ ಬೇರೆಯೇ: ಅನೇಕ ಥಿನ್ನರ್‌ಗಳು ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತವೆ, ಗಾಳಿಯಾಡದ ಕೋಣೆಯಲ್ಲಿ ಆ ಆವಿ ಹೊರಹೋಗದೆ ಉಳಿಯುತ್ತದೆ.

ಅಮೆರಿಕದ ವಿದ್ಯುತ್ ಸಂಹಿತೆಯು ಸಾಮಾನ್ಯ ಪ್ಯಾನೆಲ್ಲಿನ ಮುಂದೆ ಕನಿಷ್ಠ 3 ಅಡಿ ಆಳ, 30 ಇಂಚು ಅಗಲದ ಜಾಗವನ್ನು ತೆರವಾಗಿಡಬೇಕೆಂದೂ ಅಲ್ಲಿ ಸಾಮಾನು ಇಡಬಾರದೆಂದೂ ಹೇಳುತ್ತದೆ; ಬಟ್ಟೆ ಇಡುವ ಗೂಡುಗಳಲ್ಲಿ ಬ್ರೇಕರ್‌ಗಳನ್ನು ಅಳವಡಿಸುವುದನ್ನೇ ನಿಷೇಧಿಸಿದೆ. ಆ ತೆರವು ರಿಪೇರಿಗಾಗಿ ಎಷ್ಟು ಬೇಕೋ, ಹೊಗೆ ಕಂಡ ಕ್ಷಣ ಮೇನ್ ಸ್ವಿಚ್ಚಿಗೆ ಕೈ ತಲುಪುವುದಕ್ಕೂ ಅಷ್ಟೇ ಬೇಕು.

ಎರಡು ಬಾರಿ ಬರೆದು ಕೊಟ್ಟ ಮೇಲೆ ಥಿನ್ನರ್ ಡಬ್ಬಿಯನ್ನು ಒಯ್ದರು, ಹಲಗೆಗಳನ್ನು ಕಿತ್ತರು, ನೆಲದ ಮೇಲೆ ಹಳದಿ ಗೆರೆ ಎಳೆದರು. ಗೆರೆಯೊಳಗೆ ಸಾಮಾನು ಇಡುವಂತಿಲ್ಲ ಎಂದರು, ಒಪ್ಪಿದೆ. ಆದರೆ ಬಾಡಿಗೆಯನ್ನು ಮಾತ್ರ ಗೆರೆಯೊಳಗಿನ ಜಾಗಕ್ಕೂ ಸೇರಿಸಿಯೇ ವಸೂಲು ಮಾಡಿದರು. ಪ್ಯಾನೆಲ್ಲನ್ನು ಹೊರಗಿನ ಓಣಿಗೆ ಸ್ಥಳಾಂತರಿಸುವವರೆಗೆ ಈ ಸಾಲಿನ ಮೊದಲ ಕೋಣೆಯನ್ನು ಬಿಟ್ಟು ಬೇರಾವುದನ್ನಾದರೂ ಕೇಳಿ ಪಡೆಯಿರಿ.