ಬ್ರೇಕ್ ಪೈಪಿನ ಜಾಯಿಂಟಿಗೆ ಟೇಪು ಸುತ್ತಿದ್ದರೆ ಗಾಡಿ ಹೊರಗೆ ತರಬೇಡಿ

ಹಳೇ ಟ್ರಕ್ ಇಟ್ಟುಕೊಂಡವರು ದಯವಿಟ್ಟು ಓದಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ನನ್ನದು ಆಯಿಲ್ ಬ್ರೇಕಿನ ಗಾಡಿ, ಹಳೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಪೈಪಿಗೆ ಆಯಿಲ್ ತಳ್ಳುವ ಭಾಗ), ಒಂದೇ ಸರ್ಕ್ಯೂಟು. ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ತುಕ್ಕು ಹಿಡಿದ ಪೈಪು ಬದಲಾಯಿಸಲು ಗ್ಯಾರೇಜಿಗೆ ಕೊಟ್ಟಾಗ ಇದನ್ನೇ ಒತ್ತಿ ಹೇಳಿದ್ದೆ. "ಎಲ್ಲಾ ಡಬಲ್ ಫ್ಲೇರ್ ಸಾರ್, ಒಂದು ತೊಟ್ಟೂ ಸೋರಲ್ಲ" ಅಂದರು. ಡಬಲ್ ಫ್ಲೇರ್ ಅಂದರೆ ಪೈಪಿನ ಬಾಯಿ ಅರಳಿಸಿ, ಅಂಚನ್ನು ಒಳಗೆ ಮಡಚಿ ಎರಡು ಪದರ ಮಾಡುವುದು. ದುಡ್ಡು ಪೂರ್ತಿ ಕೊಟ್ಟು ಬಂದೆ.

ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಿದ್ದೆ. ಪೆಡಲ್ ಮೆಲ್ಲಗೆ ಕೆಳಗೆ ಇಳಿಯಿತು. ಇನ್ನೂ ಇಳಿಯಿತು. ಹ್ಯಾಂಡ್ ಬ್ರೇಕ್ ಎಳೆದೆ, ಇಲ್ಲದಿದ್ದರೆ ಮುಂದಿನ ಗಾಡಿಗೆ ಗುದ್ದುತ್ತಿದ್ದೆ. ಬಗ್ಗಿ ನೋಡಿದರೆ ಹಿಂದಿನ ಆಕ್ಸಲ್ ಹತ್ತಿರ ಜಾಯಿಂಟು ಒದ್ದೆ. ನಟ್ಟಿನ ಸುತ್ತ ಬಿಳಿ ಟೇಪು. ನೀರಿನ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪು!

ಬ್ರೇಕ್ ಪೈಪಿನಲ್ಲಿ ಸೋರಿಕೆ ತಡೆಯುವುದು ಥ್ರೆಡ್ ಅಲ್ಲ. ಪೈಪಿನ ಅರಳಿಸಿದ ಬಾಯಿ ಜಾಯಿಂಟಿನ ಒಳಗಿನ ಸೀಟಿಗೆ ಒತ್ತಿ ಕೂರಬೇಕು, ಲೋಹಕ್ಕೆ ಲೋಹ. ಟೇಪು ಅದನ್ನು ಸರಿ ಮಾಡಲ್ಲ. ಅದರ ಚೂರು ಒಳಗೆ ಹೋದರೆ ಆಯಿಲ್ ದಾರಿ ಕಟ್ಟಿಕೊಳ್ಳುತ್ತದೆ ಅಷ್ಟೇ.

ಗ್ಯಾರೇಜಿನವರಿಗೆ ಫೋನ್ ಮಾಡಿದೆ. "ಸ್ವಲ್ಪ ಟೈಟ್ ಮಾಡಿ ಸಾರ್, ನಿಂತುಹೋಗುತ್ತೆ." ಆಮೇಲೆ, "ಹಳೇ ಗಾಡಿ ಅಲ್ವಾ, ಸ್ವಲ್ಪ ಜಿನುಗೋದು ಇದ್ದಿದ್ದೇ." ಬ್ರೇಕ್ ಆಯಿಲ್ ಜಿನುಗೋದು ಇದ್ದಿದ್ದೇ ಅಂತೆ! ಟೇಪು ಯಾಕೆ ಅಂದರೆ, "ಸೇಫ್ಟಿಗೆ."

ಬೇರೆ ಮೆಕ್ಯಾನಿಕ್ ಬಿಚ್ಚಿದಾಗ ಪೂರ್ತಿ ಬಣ್ಣ ಬಯಲಾಯಿತು. ಡಬಲ್ ಫ್ಲೇರ್ ಎಲ್ಲಿಯೂ ಇಲ್ಲ. ಗರಗಸದಲ್ಲಿ ಕುಯ್ದ ಪೈಪು, ಅಂಚು ಉಜ್ಜಿಲ್ಲ, ಸಿಂಗಲ್ ಫ್ಲೇರು, ಅದೂ ಸೀಳಿತ್ತು. ಅದನ್ನು ಇನ್ನೂ ಟೈಟ್ ಮಾಡಿದ್ದರೆ ಸೀಳು ದೊಡ್ಡದಾಗುತ್ತಿತ್ತು. ಚಾಸಿ ಮರೆಯಲ್ಲಿ, ಕಣ್ಣಿಗೆ ಬೀಳದ ಕಡೆ, ಹಳೇ ಪೈಪಿಗೆ ಹೊಸ ತುಂಡು ಸೇರಿಸಿ ಕಂಪ್ರೆಷನ್ ಫಿಟ್ಟಿಂಗ್ (ಫ್ಲೇರ್ ಇಲ್ಲದೆ, ಉಂಗುರ ಅದುಮಿ ಪೈಪು ಹಿಡಿಯುವ ಜಾಯಿಂಟು) ಹಾಕಿದ್ದರು. ಜೋರಾಗಿ ಬ್ರೇಕ್ ಒತ್ತಿದರೆ ಒಳಗೆ ಒತ್ತಡ 1,000 ಪಿಎಸ್‌ಐ (ಚದರ ಇಂಚಿಗೆ 1,000 ಪೌಂಡ್) ದಾಟುತ್ತದೆ. ಅದಕ್ಕೆ ಇದಾ? ಪೂರ್ತಿ ಹೊಸ ಪೈಪು ಅಂತ ದುಡ್ಡು ಎಣಿಸಿಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದರಲ್ಲ, ಅದು ನೆನೆದರೆ ನಾಚಿಕೆ, ಸಿಟ್ಟು ಎರಡೂ ಬರುತ್ತದೆ.

ಗಾಡಿ ಕೊಡುವ ಮುಂಚೆ ಫ್ಲೇರಿಂಗ್ ಟೂಲ್ ತೋರಿಸಿ ಅನ್ನಿ. ನಟ್ಟು ಕೂರಿಸುವ ಮುಂಚೆ ಪೈಪಿನ ಬಾಯಿ ನೋಡಿ: ಅಂಚು ಒಳಗೆ ಮಡಚಿರಬೇಕು, ನಿಮ್ಮ ಸೀಟಿಗೆ ಹೊಂದಬೇಕು. 45 ಡಿಗ್ರಿ ಡಬಲ್ ಫ್ಲೇರಿನ ಸೀಟಿಗೆ ಬಬಲ್ ಫ್ಲೇರ್ (ಬಾಯಿ ಗುಳ್ಳೆಯಂತೆ ಉಬ್ಬಿದ್ದು) ಕೂರಲ್ಲ. ಪೈಪಿನೊಳಗಿನ ಏರ್ ಬಿಡಿಸಿದ ಮೇಲೆ ಒಬ್ಬರು ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಲಿ, ನೀವು ಟಾರ್ಚ್ ಹಿಡಿದು ಒಂದೊಂದು ಜಾಯಿಂಟೂ ಒಣಬಟ್ಟೆಯಲ್ಲಿ ಒರೆಸಿ ನೋಡಿ. ಅದಕ್ಕೆ ಒಪ್ಪದ ಗ್ಯಾರೇಜಿನಲ್ಲಿ ಗಾಡಿ ಬಿಡಲೇಬೇಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ, "ಬೇರೆಯವರು ಕೈ ಹಾಕಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ" ಅಂದರು. ಈಗ ಫೋನೇ ಎತ್ತುತ್ತಿಲ್ಲ.